ಅರಗು, ದಬ್ಬೆ, ಹುರಿ: ಕೈಕೆಲಸ ಕಲಿಯಲು ಹೊರಟ ನಮ್ಮ ಸಭೆಯ ಪ್ರವಾಸ

ನಮ್ಮ ಚರ್ಚಿನ ಸಭೆಯವರು ವರ್ಷಕ್ಕೊಮ್ಮೆ ಹಳ್ಳಿಗಳ ಕಡೆ ಮಿಷನ್ ಪ್ರವಾಸ ಹೋಗುವುದು ವಾಡಿಕೆ. ಕಣ್ಣು ತಪಾಸಣೆ, ಮಕ್ಕಳಿಗೆ ನೋಟ್‌ಬುಕ್, ಒಂದಷ್ಟು ಹಾಡು, ಊಟ, ಕೊನೆಗೆ ಫೋಟೊ. ಈ ಸಲ ನಮ್ಮ ಪಾದ್ರಿ ಅಯ್ಯನವರು ಬೇರೆ ಮಾತು ಹೇಳಿದರು. "ಕೊಡೋಕೆ ಹೋಗೋದು ಬೇಡ. ಕಲಿಯೋಕೆ ಹೋಗೋಣ. ಕೈಕೆಲಸ ಗೊತ್ತಿರೋರ ಮುಂದೆ ಕೂತ್ಕೊಳ್ಳೋಣ. ಅವರ ಆ ದಿನದ ದುಡಿಮೆ ನಮ್ಮಿಂದ ಹೋಗುತ್ತಲ್ಲ, ಆ ಕೂಲಿಯನ್ನ ನಾವೇ ಕಟ್ಟೋಣ."

ಈ ಕೊನೆಯ ಮಾತು ನನಗೆ ತುಂಬಾ ಹಿಡಿಸಿತು. ಕಲಿಯುವವರು ಬಂದು ಕೂತರೆ ಕೆಲಸಗಾರನ ಒಂದು ದಿನ ಹೋಗುತ್ತದೆ. ಮರ ಹಾಳಾಗುತ್ತದೆ, ಬಣ್ಣ ಹಾಳಾಗುತ್ತದೆ. ಪ್ರೀತಿಯಿಂದ ಕಲಿಸುತ್ತಾರೆ ನಿಜ, ಆದರೆ ಸಂಜೆ ಮನೆಗೆ ಅಕ್ಕಿ ತರಬೇಕಲ್ಲ? ಹಾಗಾಗಿ ಸ್ತ್ರೀ ಸಂಘದವರು ಮೊದಲೇ ಹಣ ಕೂಡಿಸಿದರು. ನಮಗೆ ಕಲಿಸುವ ಎಲ್ಲರ ಮನೆಗೂ ಫೋನ್ ಮಾಡಿ, ದಿನಕ್ಕೆ ಎಷ್ಟು ದುಡಿಯುತ್ತೀರಿ ಅಂತ ಕೇಳಿ, ಅದಕ್ಕೆ ಸಾಮಾನಿನ ಖರ್ಚು ಸೇರಿಸಿ ಮಾತಾಡಿಕೊಂಡಿದ್ದೆವು. ನೀವೂ ಇಂಥ ಪ್ರವಾಸ ಹೊರಡುವುದಾದರೆ ಈ ಮಾತುಕತೆಯನ್ನು ಬೆಂಗಳೂರಿನಲ್ಲೇ ಮುಗಿಸಿಕೊಳ್ಳಿ. ಅಲ್ಲಿ ಹೋಗಿ ಕೈಗೆ ನೋಟು ತುರುಕಿದರೆ ಅದು ದಾನದ ಹಾಗೆ ಕಾಣುತ್ತದೆ.

ಗುರುವಾರ

ಸಂಕ್ರಾಂತಿ ಆದಮೇಲಿನ ವಾರ. ಹಡ್ಸನ್ ಸರ್ಕಲ್ ಹತ್ತಿರ ಟೆಂಪೊ ಟ್ರಾವೆಲರ್ ಹತ್ತಿದಾಗ ಇನ್ನೂ ಕತ್ತಲು. ಶಾಲು ಹೊದ್ದ ಅಕ್ಕಂದಿರು, ಕಿವಿಗೆ ಮಫ್ಲರ್ ಸುತ್ತಿಕೊಂಡ ಅಂಕಲ್‌ಗಳು, ಹಿಂದಿನ ಸೀಟಿನಲ್ಲಿ ಯುವಜನ ಸಂಘದ ಹುಡುಗರು ಹುಡುಗಿಯರು. ನಾನು ಸಂಡೇ ಸ್ಕೂಲ್ ಟೀಚರ್. ಮಕ್ಕಳಿಗೆ ಕೈಯಲ್ಲಿ ಏನಾದರೂ ಮಾಡಿಸಿ ಕಲಿಸಬೇಕು ಅನ್ನುವ ಆಸೆ ಬಹಳ ದಿನದಿಂದ ಇತ್ತು.

ಕೆಂಗೇರಿ ದಾಟುವ ತನಕ ಎಲ್ಲರೂ ನಿದ್ದೆಯಲ್ಲಿದ್ದರು. ಆಮೇಲೆ ಮಂಜು ಸಿಕ್ಕಿತು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣದ ಒಳಗೆ ಹೋಗುವುದಿಲ್ಲ. ಊರುಗಳನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಬೇಗ ಮೈಸೂರು ಸೇರಬೇಕಾದವರಿಗೆ ಅದು ಸರಿ. ನಮಗೆ ಬೇಕಾಗಿದ್ದು ಊರುಗಳೇ. ಡ್ರೈವರ್ ಅಣ್ಣನಿಗೆ ಹೇಳಿ ಹಳೆ ರಸ್ತೆಯಲ್ಲೇ ಹೋದೆವು.

ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗುವುದುಂಟೇ? ತಟ್ಟೆಯಿಂದ ಆಗ ತಾನೇ ಎಬ್ಬಿಸಿದ ಇಡ್ಲಿ, ಮೇಲೆ ಕರಗುತ್ತಿರುವ ಬೆಣ್ಣೆ, ನೀರಾಗಿರುವ ಕಾಯಿ ಚಟ್ನಿ. ಆ ಚಳಿಗೆ ಇನ್ನೇನೂ ಬೇಡ ಅನ್ನಿಸಿತು. ಒಬ್ಬರಿಗೆ ಎರಡು ಇಡ್ಲಿ ಧಾರಾಳ.

ತಿಂಡಿ ತಿನ್ನುತ್ತಾ ಅಯ್ಯನವರು ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ಬಗ್ಗೆ ಹೇಳಿದರು. 1834ರಲ್ಲಿ ಮಂಗಳೂರಿಗೆ ಬಂದವರು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು, ನೇಯ್ಗೆ ಶಾಲೆ ನಡೆಸಿದರು, ಮುದ್ರಣಾಲಯ ಮಾಡಿದರು. ಸಭೆಗೆ ಸೇರಿ ಜಾತಿಯ ಕಸುಬು ಕಳೆದುಕೊಂಡವರಿಗೆ ಅಲ್ಲೇ ಕೆಲಸ ಸಿಕ್ಕಿತು. "ಅವರು ಕಲಿಸೋಕೆ ಬಂದ್ರು. ಒಳ್ಳೇದೇ ಆಯ್ತು. ಆದ್ರೆ ನಮ್ಮ ಹಳ್ಳಿಯವರಿಗೆ ಮೊದಲೇ ಏನೇನು ಗೊತ್ತಿತ್ತು ಅಂತ ಕೂತು ಕಲಿತೋರು ಕಮ್ಮಿ" ಅಂದರು. ಮಂಗಳೂರಿನ ಹೆಂಚಿನ ಮನೆಯಲ್ಲಿ ಹುಟ್ಟಿ ಬೆಳೆದ ಒಬ್ಬ ಆಂಟಿ ಇದನ್ನು ಒಪ್ಪಲಿಲ್ಲ. ಚರ್ಚೆ ರಾಮನಗರದ ತನಕ ನಡೆಯಿತು. ಚರ್ಚೆ ಚೆನ್ನಾಗಿತ್ತು, ನನಗೆ ಇಬ್ಬರ ಮಾತೂ ಸರಿ ಅನ್ನಿಸಿತು.

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬೆಳಗ್ಗೆಯೇ ಹೋಗಬೇಕು. ಮಧ್ಯಾಹ್ನಕ್ಕೆ ಹೋದರೆ ಖಾಲಿ ತಟ್ಟೆ ನೋಡಬೇಕಾಗುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಒಂಥರಾ ಹಸಿ ವಾಸನೆ. ಉದ್ದಕ್ಕೂ ತಟ್ಟೆಗಳು, ತಟ್ಟೆ ತುಂಬ ಬಿಳಿ ಗೂಡು, ಹಳದಿ ಗೂಡು. ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಬಂದು ಒಂದು ಹಿಡಿ ಎತ್ತಿ, ಕಿವಿ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡುತ್ತಾರೆ. ಮೊದಲು ಕೂಗಿ ಹರಾಜು ಆಗುತ್ತಿತ್ತಂತೆ. ಈಗ ಇ-ಹರಾಜು. ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ. ಮಾರುಕಟ್ಟೆ ಇಷ್ಟು ದೊಡ್ಡದಾದರೂ ಗದ್ದಲ ಕಮ್ಮಿ.

ಕುಣಿಗಲ್ ಕಡೆಯ ಒಬ್ಬ ರೈತರು ತಮ್ಮ ತಟ್ಟೆ ಪಕ್ಕದಲ್ಲೇ ನಿಂತಿದ್ದರು. ಬೆಲೆ ಒಪ್ಪಿಗೆಯಾಗದಿದ್ದರೆ ಏನು ಮಾಡುತ್ತೀರಿ ಅಂತ ಕೇಳಿದೆ. "ಏನ್ ಮಾಡೋದಮ್ಮ, ಇನ್ನೊಂದು ಸುತ್ತು ನೋಡೋದು. ಆದ್ರೆ ಇದೇನು ರಾಗಿ ಅಲ್ಲ, ಮನೇಲಿ ಇಟ್ಕಳಾಕೆ. ಹತ್ತು ದಿನ ಬಿಟ್ರೆ ಚಿಟ್ಟೆ ಆಗಿ ತೂತು ಮಾಡ್ಕಂಡು ಹೋಯ್ತದೆ" ಅಂದರು. ಒಂದು ತಿಂಗಳ ದುಡಿಮೆಯನ್ನು ಒಂದು ಬೆಳಗಿನಲ್ಲಿ ಮಾರಲೇಬೇಕು. ಆ ಅವಸರ ಏನು ಅಂತ ಅಲ್ಲಿ ನಿಂತಾಗ ಗೊತ್ತಾಯಿತು.

ಮಧ್ಯಾಹ್ನ ಚನ್ನಪಟ್ಟಣ ಸೇರಿ ಉಳಿದುಕೊಳ್ಳುವ ಜಾಗದಲ್ಲಿ ಬ್ಯಾಗ್ ಇಟ್ಟೆವು. ಸಂಜೆ ಟೀ ಅಂಗಡಿ ಹತ್ತಿರ ನಿಂತಿದ್ದಾಗ ಒಬ್ಬ ಹಿರಿಯರು ಬಂದು ನೇರವಾಗಿ ಕೇಳಿದರು: "ಚರ್ಚಿನೋರು ಅಂತೆ. ಮತಾಂತರ ಮಾಡೋಕೆ ಬಂದಿದೀರಾ?"

ಒಂದು ನಿಮಿಷ ಎಲ್ಲರೂ ಸುಮ್ಮನಾದೆವು. ಅಯ್ಯನವರು ಟೀ ಲೋಟ ಕೆಳಗಿಟ್ಟರು. "ಇಲ್ಲ ಯಜಮಾನ್ರೆ, ಬೊಂಬೆ ಮಾಡೋದು ಕಲಿಯೋಕೆ ಬಂದಿದೀವಿ. ನಾಳೆ ಬೆಳಗ್ಗೆ ಒಬ್ಬರ ಮನೇಲಿ ಕೂರ್ತೀವಿ. ನೀವೂ ಬನ್ನಿ."

ಅವರು ನಮ್ಮನ್ನೆಲ್ಲ ಒಮ್ಮೆ ನೋಡಿದರು. ಯಾರ ಮನೆ ಅಂತ ಕೇಳಿದರು. ಹೇಳಿದಾಗ, "ಓ ಅವರಾ, ಒಳ್ಳೆ ಕೆಲಸಗಾರ. ಅವರ ಲೇತು ಇರೋ ಗಲ್ಲಿಗೆ ನಿಮ್ಮ ಗಾಡಿ ಹೋಗಲ್ಲ, ಶಾಲೆ ಹತ್ರ ಬಿಟ್ಟು ನಡ್ಕೊಂಡು ಹೋಗಿ" ಅಂದರು. ಪ್ರಶ್ನೆ ಕೇಳಿದ್ದಕ್ಕೆ ನನಗೆ ಬೇಜಾರಾಗಲಿಲ್ಲ. ತಮ್ಮ ಊರಿಗೆ ಯಾರು ಯಾಕೆ ಬಂದರು ಅಂತ ಕೇಳುವ ಹಕ್ಕು ಊರಿನವರಿಗೆ ಇದ್ದೇ ಇದೆ. ನಮ್ಮ ಹತ್ತಿರ ಕರಪತ್ರ ಇರಲಿಲ್ಲ, ಬ್ಯಾನರ್ ಇರಲಿಲ್ಲ. ಉತ್ತರ ಕೊಡುವುದು ಸುಲಭವಾಯಿತು.

ಶುಕ್ರವಾರ

ನಮಗೆ ಕಲಿಸಲು ಒಪ್ಪಿದ್ದವರು ಎಪ್ಪತ್ತರ ಆಸುಪಾಸಿನ ಮುಸ್ಲಿಂ ಹಿರಿಯರು. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆದೆವು. ಮನೆಯ ಮುಂಭಾಗದಲ್ಲಿ ತಗಡಿನ ಶೆಡ್ಡು, ಒಳಗೆ ಲೇತು ಮಷೀನು, ನೆಲದ ತುಂಬ ಮರದ ಸಿಪ್ಪೆ. ಗೋಡೆಗೆ ಒರಗಿಸಿದ ಉಳಿಗಳು, ಹಿಡಿಯೆಲ್ಲ ಸವೆದು ಹೊಳೆಯುತ್ತಿದ್ದವು.

"ಮೊದಲು ಮರ ಮುಟ್ಟಿ" ಅಂದರು. ಹಾಲೆ ಮರ. ಬಿಳಿ ಬಣ್ಣ, ನುಣುಪು, ಎಳೆ ಕಾಣುವುದೇ ಇಲ್ಲ ಅನ್ನಬೇಕು. ಹಸಿ ಮರ ತಂದು ತಿಂಗಳುಗಟ್ಟಲೆ ಒಣಗಿಸಬೇಕು. ಸರಿಯಾಗಿ ಒಣಗದ ಮರದಲ್ಲಿ ಬೊಂಬೆ ಮಾಡಿದರೆ ಆಮೇಲೆ ಬಿರುಕು ಬಿಡುತ್ತದೆ. ಒಣಗಿದ್ದು ಗೊತ್ತಾಗುವುದು ಹೇಗೆ ಅಂತ ನಮ್ಮ ಹುಡುಗನೊಬ್ಬ ಕೇಳಿದ. ಚಾಚಾ ಎರಡು ತುಂಡು ಕೊಟ್ಟು ಒಂದಕ್ಕೊಂದು ಬಡಿಯಲು ಹೇಳಿದರು. ಒಂದು ಜೋಡಿ ಟಣ್ ಅಂದಿತು, ಇನ್ನೊಂದು ಮಂಕಾಗಿ ಸದ್ದು ಮಾಡಿತು. ಅಷ್ಟೇ ಪಾಠ.

ಕಲಿಯುವವರಿಗೆ ಮೊದಲು ಕೊಡುವುದು ಬುಗುರಿ. ಮರದ ತುಂಡನ್ನು ಲೇತಿಗೆ ಬಡಿದು ಕೂರಿಸಿ, ಮಷೀನು ಓಡಿಸಿ, ಉಳಿಯನ್ನು ಆಸರೆಯ ಮೇಲಿಟ್ಟು ಮೆಲ್ಲಗೆ ತಾಗಿಸಬೇಕು. ಸಿಪ್ಪೆ ಸುರುಳಿಯಾಗಿ ಎದ್ದು ಬರುತ್ತದೆ. ಸುರುಳಿ ಬಂದರೆ ಉಳಿಯ ಕೋನ ಸರಿ ಇದೆ ಅಂತ. ಪುಡಿ ಬಂದರೆ ಕೈ ತಿರುಗಿಸಬೇಕು. ಚಾಚಾ ಬಾಯಲ್ಲಿ ಹೇಳಿದ್ದು ಕಮ್ಮಿ. ನಮ್ಮ ಮೊಣಕೈ ಹಿಡಿದು ಪಕ್ಕೆಗೆ ಒತ್ತಿ ನಿಲ್ಲಿಸುತ್ತಿದ್ದರು. ಕೈ ಗಾಳಿಯಲ್ಲಿದ್ದರೆ ಉಳಿ ಹಾರುತ್ತದೆ, ಮೈಗೆ ಅಂಟಿದ್ದರೆ ನಿಲ್ಲುತ್ತದೆ.

ಆಮೇಲೆ ಬಣ್ಣ. ನನಗೆ ಇಡೀ ದಿನದಲ್ಲಿ ತುಂಬಾ ಇಷ್ಟವಾದ ಕೆಲಸ ಇದು. ಬ್ರಷ್ಷು ಇಲ್ಲ, ಡಬ್ಬಿ ಇಲ್ಲ. ಅರಗಿಗೆ ಬಣ್ಣ ಬೆರೆಸಿ ಮಾಡಿದ ಕಡ್ಡಿ. ತಿರುಗುತ್ತಿರುವ ಮರಕ್ಕೆ ಆ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಜಾಸ್ತಿ ಒತ್ತಿದರೆ ಗಂಟು ಕಟ್ಟುತ್ತದೆ, ಕಮ್ಮಿ ಒತ್ತಿದರೆ ಹತ್ತುವುದೇ ಇಲ್ಲ. ಕೊನೆಗೆ ಕೇದಗೆಯ ಒಣಗರಿಯನ್ನು ಮಡಿಸಿ ಹಿಡಿದು ಸವರಿದರು. ಮಂಕಾಗಿದ್ದ ಹಳದಿ ಕ್ಷಣದಲ್ಲಿ ಹೊಳೆಯಿತು. ನಮ್ಮ ಹುಡುಗಿಯರು ಚಪ್ಪಾಳೆ ತಟ್ಟಿಬಿಟ್ಟರು. ಚಾಚಾಗೂ ಖುಷಿಯಾಯಿತು.

ಹಳದಿಗೆ ಅರಿಸಿನ, ನೀಲಿಗೆ ನೀಲಿ ಗಿಡದ ಬಣ್ಣ. ಇಂಥ ಗಿಡದ ಬಣ್ಣ ಬಳಸಿದ ಬೊಂಬೆಯನ್ನು ಮಕ್ಕಳು ಬಾಯಿಗೆ ಹಾಕಿಕೊಂಡರೂ ಭಯವಿಲ್ಲ ಅಂತ ಚಾಚಾ ಹೇಳಿದರು. ಎಲ್ಲ ಅಂಗಡಿಯಲ್ಲೂ ಅದೇ ಬಣ್ಣ ಇರುವುದಿಲ್ಲ. ಕೊಳ್ಳುವಾಗ ಯಾವ ಬಣ್ಣ ಹಾಕಿದ್ದೀರಿ ಅಂತ ಕೇಳಿ ಕೊಳ್ಳಿ. ಪುಟ್ಟ ಮಕ್ಕಳಿರುವ ಮನೆಯವರು ಖಂಡಿತ ಕೇಳಬೇಕು.

ಹನ್ನೊಂದರ ಹೊತ್ತಿಗೆ ಕರೆಂಟ್ ಹೋಯಿತು. ಮಷೀನು ನಿಂತಿತು. ಇನ್ನು ಏನು ಅಂತ ನಾವು ನೋಡುತ್ತಿದ್ದರೆ, ಚಾಚಾ ಒಳಗಿನಿಂದ ಅವರ ತಂದೆಯ ಕಾಲದ ಕೈ ಲೇತು ತಂದರು. ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಬಿಲ್ಲನ್ನು ಹಿಂದೆ ಮುಂದೆ ಎಳೆಯಬೇಕು. ಬಿಲ್ಲಿನ ದಾರ ಮರಕ್ಕೆ ಸುತ್ತಿಕೊಂಡಿರುತ್ತದೆ, ಎಳೆದಾಗ ಮರ ತಿರುಗುತ್ತದೆ. ಇನ್ನೊಂದು ಕೈಯಲ್ಲಿ ಉಳಿ. ಮರ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ತಿರುಗುವುದರಿಂದ ಒಂದೇ ದಿಕ್ಕಿಗೆ ಬರುವಾಗ ಮಾತ್ರ ಉಳಿ ತಾಗಿಸಬೇಕು. ಚಾಚಾ ಮಾಡುತ್ತಿದ್ದರೆ ಹಾಡಿನ ತಾಳದ ಹಾಗೆ ಕೇಳುತ್ತಿತ್ತು. ಕರೆಂಟ್ ಬರುವವರೆಗೂ ಅದನ್ನೇ ನೋಡಿದೆವು. ಕರೆಂಟ್ ಹೋಗದಿದ್ದರೆ ಆ ಲೇತು ಹೊರಗೆ ಬರುತ್ತಲೇ ಇರಲಿಲ್ಲ.

ಆ ಹೊತ್ತಿನಲ್ಲೇ ಹಳೆಯ ಕತೆಯೂ ಬಂತು. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕೆಲಸಗಾರರನ್ನು ಕರೆಸಿ ಇಲ್ಲಿನವರಿಗೆ ಕಲಿಸಿದ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಆಮೇಲೆ ಬಾವಾಸ್ ಮಿಯಾ ಅನ್ನುವವರು ಜಪಾನಿನವರ ರೀತಿಯನ್ನು ನೋಡಿ ಈ ಕೆಲಸವನ್ನು ಬೆಳೆಸಿದರು. ಮಿಯಾ ಅವರ ಹೆಸರು ಹೇಳುವಾಗ ಚಾಚಾ ಉಳಿ ಕೆಳಗಿಟ್ಟರು. ಚನ್ನಪಟ್ಟಣದ ಬೊಂಬೆಗೆ ಈಗ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಬೇರೆ ಊರಿನವರು ಈ ಹೆಸರು ಹಾಕಿ ಮಾರುವಂತಿಲ್ಲ. "ಹೆಸರು ಉಳೀತು ಬೇಟಾ, ಕೂರೋ ಹುಡುಗ್ರು ಬೇಕಲ್ಲ" ಅಂದರು. ಅವರ ಇಬ್ಬರು ಮಕ್ಕಳೂ ಬಿಡದಿ ಕಡೆ ಕಾರ್ಖಾನೆಗೆ ಹೋಗುತ್ತಾರೆ. ತಿಂಗಳ ಸಂಬಳ, ಪಿಎಫ್. ಅದು ತಪ್ಪು ಅಂತ ಯಾರು ಹೇಳಲು ಸಾಧ್ಯ?

ಶುಕ್ರವಾರವಾದ್ದರಿಂದ ಮಧ್ಯಾಹ್ನ ಚಾಚಾ ನಮಾಜಿಗೆ ಹೋಗಬೇಕಿತ್ತು. ಶುಕ್ರವಾರ ಚನ್ನಪಟ್ಟಣಕ್ಕೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ, ಹನ್ನೆರಡೂವರೆಯಿಂದ ಎರಡರ ತನಕ ಬಹಳಷ್ಟು ಲೇತುಗಳು ನಿಂತಿರುತ್ತವೆ. ಅವರು ಹೋದಾಗ ಚಾಚಿ ನಮ್ಮನ್ನೆಲ್ಲ ಒಳಗೆ ಕರೆದು ಟೊಮೆಟೊ ಸಾರು, ಅನ್ನ, ಹುರಿದ ಮೊಟ್ಟೆ ಬಡಿಸಿದರು. ಊಟದ ಮುಂಚೆ ನಾವು ಪ್ರಾರ್ಥನೆ ಮಾಡಬಹುದಾ ಅಂತ ಅಯ್ಯನವರು ಕೇಳಿದರು. "ಅದೇನು ಕೇಳ್ತೀರಿ, ಮಾಡಿ" ಅಂದು ತಾವೂ ಸೆರಗು ತಲೆಗೆ ಎಳೆದುಕೊಂಡು ನಿಂತರು. ಮನೆಯವರಿಗಾಗಿ, ಚಾಚಾನ ಕೈಗಳಿಗಾಗಿ ಪ್ರಾರ್ಥಿಸಿದೆವು.

ಸಂಜೆ ನಮ್ಮ ಕೂಟದಲ್ಲಿ ವಿಮೋಚನಕಾಂಡದ 31ನೇ ಅಧ್ಯಾಯ ಓದಿದೆವು. ದೇವದರ್ಶನದ ಗುಡಾರ ಮಾಡಲು ಬೆಚಲೇಲನನ್ನು ದೇವರು ಹೆಸರು ಹಿಡಿದು ಕರೆಯುವ ಭಾಗ. ಮರ ಕೆತ್ತುವವನಿಗೆ, ಚಿನ್ನ ಬೆಳ್ಳಿಯ ಕೆಲಸ ಮಾಡುವವನಿಗೆ ದೇವರ ಆತ್ಮ ತುಂಬಿತು ಅಂತ ಅಲ್ಲಿದೆ. ಸಂಡೇ ಸ್ಕೂಲಿನಲ್ಲಿ ನಾನು ಮೋಶೆಯ ಕತೆ ಹೇಳುತ್ತೇನೆ, ಆರೋನನ ಕತೆ ಹೇಳುತ್ತೇನೆ. ಬೆಚಲೇಲನ ಕತೆಯನ್ನು ಮಕ್ಕಳು ಕೇಳೇ ಇಲ್ಲ. ಇನ್ನು ಮುಂದೆ ಕೇಳುತ್ತಾರೆ.

ಶನಿವಾರ

ಚನ್ನಪಟ್ಟಣದಿಂದ ಕನಕಪುರದ ಕಡೆಗೆ ಒಳರಸ್ತೆ ಹಿಡಿದೆವು. ಎರಡೂ ಪಕ್ಕ ತೆಂಗಿನ ತೋಟ, ಹಿಪ್ಪುನೇರಳೆ ಹೊಲ, ನಡುವೆ ಮಾವು. ಎಲ್ಲೆಲ್ಲೂ ಬಂಡೆ ಬೆಟ್ಟ. ದೂರದಲ್ಲಿ ಕಬ್ಬಾಳದುರ್ಗ ಒಂಟಿಯಾಗಿ ಎದ್ದು ನಿಂತಿತ್ತು. ರಸ್ತೆಯ ಮೇಲೇ ಹುರುಳಿ ಹರಡಿದ್ದರು, ಗಾಡಿ ಅದರ ಮೇಲೆ ಹೋಗಲಿ ಅಂತ. ನಮ್ಮ ಡ್ರೈವರ್ ಅಣ್ಣ ಮೆಲ್ಲಗೆ ದಾಟಿಸಿ, ಹುರುಳಿ ಗಿಡದ ಕಡ್ಡಿ ಚಕ್ರಕ್ಕೆ ಸುತ್ತಿಕೊಂಡಿದೆಯಾ ಅಂತ ಇಳಿದು ನೋಡಿದರು. ಅದು ಒಳ್ಳೆಯ ಅಭ್ಯಾಸ, ಸುತ್ತಿಕೊಂಡರೆ ಬೆಂಕಿ ಹತ್ತುವುದೂ ಉಂಟು.

ಮೊದಲು ನಿಂತಿದ್ದು ಊರಂಚಿನ ಮೇದರ ಮನೆಯ ಮುಂದೆ. ಅಲ್ಲಿ ಗಂಡ ಹೆಂಡತಿ ಇಬ್ಬರೂ ಚಂದ್ರಿಕೆ ಹೆಣೆಯುತ್ತಾರೆ. ರೇಷ್ಮೆ ಹುಳು ಹಣ್ಣಾದಮೇಲೆ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ. ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲದ ಚಾಪೆ, ಅದರ ಮೇಲೆ ಎರಡು ಬೆರಳೆತ್ತರದ ದಬ್ಬೆಯನ್ನು, ಅಂದರೆ ಬಿದಿರಿನ ಸೀಳನ್ನು, ಸುತ್ತು ಸುತ್ತಾಗಿ ನಿಲ್ಲಿಸಿ ಹೆಣೆದಿರುತ್ತಾರೆ. ಆ ಸುತ್ತುಗಳ ಸಂದಿಯಲ್ಲಿ ಹುಳು ಕೂತು ನೂಲು ಬಿಡುತ್ತದೆ.

ಅಕ್ಕ ಬಿದಿರು ಸೀಳುವುದನ್ನು ತೋರಿಸಿದರು. ಬಿದಿರಿನ ತುದಿಗೆ ಕತ್ತಿ ಇಟ್ಟು ಒಂದೇಟು, ಆಮೇಲೆ ಕೈಯಿಂದ ತಳ್ಳುತ್ತಾ ಹೋಗುವುದು. ಸೀಳು ಒಂದು ಕಡೆ ಓಡಿದರೆ ದಪ್ಪ ಇರುವ ಕಡೆಗೆ ಬಾಗಿಸಬೇಕು, ಆಗ ಅದು ನಡುವೆ ಬರುತ್ತದೆ. ಇದನ್ನು ನಮ್ಮಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೇ ಬೇಗ ಹಿಡಿದ. ಹೆಣೆಯುವುದು ಮಾತ್ರ ಸ್ತ್ರೀ ಸಂಘದ ಅಕ್ಕಂದಿರ ಕೈಗೆ ಸಲೀಸಾಗಿ ಬಂತು. ಬಿದಿರಿನ ಅಂಚು ಬ್ಲೇಡಿನಷ್ಟು ಹರಿತ. ಒಬ್ಬ ಹುಡುಗಿಯ ಹೆಬ್ಬೆರಳು ಕುಯ್ದುಕೊಂಡಿತು. ಅಕ್ಕ ತಮ್ಮ ಬೆರಳಿಗೆ ಸುತ್ತಿದ್ದ ಸೈಕಲ್ ಟ್ಯೂಬಿನ ತುಂಡನ್ನು ಬಿಚ್ಚಿ ಅವಳಿಗೆ ತೊಡಿಸಿದರು. ಕಲಿಯಲು ಹೋಗುವವರು ಟ್ಯೂಬಿನ ತುಂಡು, ಪ್ಲಾಸ್ಟರು ಎರಡನ್ನೂ ಇಟ್ಟುಕೊಂಡಿರಿ.

ಈಗ ಪ್ಲಾಸ್ಟಿಕ್ ಚಂದ್ರಿಕೆ ಬಂದಿದೆ. ತೊಳೆಯುವುದು ಸುಲಭ, ಮಡಿಸಿ ಇಡಬಹುದು, ಬೆಲೆಯೂ ಕಮ್ಮಿ. "ರೈತರನ್ನ ಬೈಯಂಗಿಲ್ಲ" ಅಂದರು ಅಣ್ಣ. "ನಮ್ಗೆ ಈಗ ಮದುವೆ ಮನೆಗೆ ಮೊರ, ಬುಟ್ಟಿ ಕೇಳ್ತಾರೆ. ಅದ್ರಾಗೆ ನಡೀತದೆ." ಹೇಳಿದ ದುಡ್ಡು ಕೊಟ್ಟು ನಾವು ಒಂದೊಂದು ಮೊರ ಕೊಂಡೆವು. ನಮ್ಮಲ್ಲಿ ಯಾರೋ ಚೌಕಾಸಿ ಶುರು ಮಾಡಿದಾಗ ಅಯ್ಯನವರು ಭುಜ ಮುಟ್ಟಿ ನಿಲ್ಲಿಸಿದರು. ಬೆಳಗಿನಿಂದ ಆ ಕೆಲಸದ ಕಷ್ಟ ಕೈಯಾರೆ ನೋಡಿದಮೇಲೆ ಹತ್ತು ರೂಪಾಯಿಗೆ ಎಳೆದಾಡುವುದು ಸರಿಯಲ್ಲ, ಅಲ್ವಾ?

ಮಧ್ಯಾಹ್ನ ಹುಳು ಸಾಕುವ ಮನೆಗೆ ಹೋದೆವು. ಬಾಗಿಲಲ್ಲೇ ಮನೆಯ ಯಜಮಾನಿ ನಿಂತಿದ್ದರು. ಕಾಲು ತೊಳೆಯಲು ಬ್ಲೀಚಿಂಗ್ ಪೌಡರ್ ನೀರು ಇಟ್ಟಿದ್ದರು. ಒಬ್ಬೊಬ್ಬರೇ ಒಳಗೆ ಹೋಗುವಾಗ ಒಬ್ಬ ಹುಡುಗನ ಹತ್ತಿರ ಮೂಗು ಅರಳಿಸಿ, "ನೀನು ನಿಲ್ಲಪ್ಪ, ಏನೋ ಹಚ್ಕಂಡಿದೀಯ" ಅಂದರು. ಸೊಳ್ಳೆಗೆ ಅಂತ ಕ್ರೀಮು ಹಚ್ಚಿಕೊಂಡಿದ್ದ. ಹುಳುಗಳಿಗೆ ಆ ವಾಸನೆ ಆಗದು. ಸೊಳ್ಳೆ ಬತ್ತಿ, ಸೆಂಟು, ಬೀಡಿ, ಹೊಗೆಸೊಪ್ಪು ಯಾವುದೂ ಆಗದು. ಒಂದು ತಿಂಗಳ ಬೆಳೆ ಒಂದೇ ದಿನದಲ್ಲಿ ಹಾಳಾಗಬಹುದು. ಪಾಪ, ಅವನು ಬೋರ್‌ವೆಲ್ ಹತ್ತಿರ ಸೋಪು ಹಾಕಿ ಕೈಕಾಲು ಮುಖ ತೊಳೆದು, ಯಜಮಾನರ ಅಂಗಿ ತೊಟ್ಟು ಬಂದ. ರೇಷ್ಮೆ ಮನೆ ನೋಡಲು ಹೋಗುವವರು ಆ ದಿನ ಬೆಳಗ್ಗೆ ಸುಮ್ನೆ ನೀರು ಸೋಪು ಬಿಟ್ಟು ಬೇರೇನೂ ಹಚ್ಚಿಕೊಳ್ಳಬೇಡಿ.

ಒಳಗೆ ಇದ್ದಿಲ ಒಲೆ ಇಟ್ಟು ಕೋಣೆ ಬೆಚ್ಚಗೆ ಮಾಡಿದ್ದರು. ಕಿಟಕಿಗೆಲ್ಲ ರೇಷ್ಮೆ ಹುಳುವಿಗೆ ಕಾಟ ಕೊಡುವ ಊಜಿ ನೊಣ ಬಾರದ ಹಾಗೆ ಬಲೆ. ಹುಳುಗಳು ನಾಲ್ಕನೇ ಜ್ವರ ಎದ್ದು ಸೊಪ್ಪು ತಿನ್ನುತ್ತಿದ್ದವು. ಹುಳು ಪೊರೆ ಬಿಡುವಾಗ ಒಂದು ದಿನ ತಿನ್ನದೆ ತಲೆ ಎತ್ತಿ ಸುಮ್ಮನೆ ಕೂರುತ್ತದೆ, ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಕಳೆದಮೇಲಿನ ಒಂದು ವಾರವೇ ಮನೆಯವರಿಗೆ ನಿದ್ದೆ ಇಲ್ಲದ ವಾರ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಆಗಲೇ ಬೇಕು. ಕೊಂಬೆ ಸಮೇತ ಸೊಪ್ಪು ಹಾಸುವುದನ್ನು ಯಜಮಾನಿ ಕಲಿಸಿದರು. ಒಂದು ಸಾಲು ತುದಿ ಈ ಕಡೆ, ಇನ್ನೊಂದು ಸಾಲು ತುದಿ ಆ ಕಡೆ. ಹಾಗೆ ಹಾಕಿದರೆ ಹಾಸಿಗೆ ಸಮವಾಗಿರುತ್ತದೆ. ಒದ್ದೆ ಸೊಪ್ಪು ಹಾಕಬಾರದು, ಧೂಳಿನ ಸೊಪ್ಪು ಹಾಕಬಾರದು.

ಅವರು ಬೆಂಗಳೂರು ನೋಡಿದ್ದು ಕಮ್ಮಿ. "ನಿಮ್ ಬೆಂಗ್ಳೂರಾಗೆ ಹುಳ ಸಾಕ್ತಾರಾ?" ಅಂತ ಕೇಳಿದರು. ಅಯ್ಯನವರಿಗೆ ಬಸವನಗುಡಿಯ ಟಾಟಾ ಸಿಲ್ಕ್ ಫಾರ್ಮ್ ನೆನಪಾಯಿತು. ಜೆಮ್‌ಶೆಟ್‌ಜಿ ಟಾಟಾ ಅಲ್ಲಿ ಜಪಾನಿನವರ ಸಹಾಯದಿಂದ ರೇಷ್ಮೆ ತೋಟ ಮಾಡಿಸಿದ್ದರು. ಆಮೇಲೆ ಅದನ್ನು ಸಾಲ್ವೇಷನ್ ಆರ್ಮಿ ಅನ್ನುವ ಕ್ರೈಸ್ತ ಸಂಘದವರು ನಡೆಸಿದರು. ಈಗ ಆ ಜಾಗದಲ್ಲಿ ಮನೆ, ರಸ್ತೆ, ಅಂಗಡಿ. ಹೆಸರು ಮಾತ್ರ ಬಸ್ ಸ್ಟಾಪಿನಲ್ಲಿದೆ. "ಹಂಗಾರೆ ನಿಮ್ಮೋರೂ ಹುಳ ಸಾಕಿದೋರೇ ಬಿಡಿ" ಅಂದು ಯಜಮಾನಿ ನಕ್ಕರು. ಆಮೇಲೆ ನಮ್ಮ ಜೊತೆ ಮಾತು ಸಲೀಸಾಯಿತು.

ರಾತ್ರಿ ಅವರ ಮನೆಯಲ್ಲೇ ಊಟ. ಅವರೆಕಾಯಿ ಕಾಲ. ಜಗಲಿಯಲ್ಲಿ ಎಲ್ಲರೂ ಕೂತು ನೆನೆಸಿದ ಕಾಳು ಹಿತುಕಿದೆವು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಒತ್ತಿದರೆ ಬೇಳೆ ಚಿಮ್ಮುತ್ತದೆ. ಬೆಂಗಳೂರಿನಲ್ಲಿ ಹಿತುಕಿದ ಬೇಳೆಯನ್ನೇ ಪ್ಯಾಕೆಟಿನಲ್ಲಿ ಕೊಳ್ಳುವ ಮಕ್ಕಳಿಗೆ ಇದು ಹೊಸದು. ಅಜ್ಜಿಯೊಬ್ಬರು ಎರಡೂ ಕೈಯಲ್ಲಿ ಒಟ್ಟಿಗೆ ಹಿತುಕುತ್ತಿದ್ದರು, ನಾವು ಒಂದು ಬಟ್ಟಲು ಮುಗಿಸುವಷ್ಟರಲ್ಲಿ ಅವರ ಮುಂದೆ ಒಂದು ಬೇಸನ್ನು. ಹಿತಕಿದಬೇಳೆ ಸಾರು, ಬಿಸಿ ರಾಗಿ ಮುದ್ದೆ, ಮೇಲೊಂದು ತುಪ್ಪದ ಹನಿ. ಸೊಗಡಿನ ಘಮ ಮಾರನೆ ದಿನದವರೆಗೂ ಬೆರಳಲ್ಲಿತ್ತು.

ಭಾನುವಾರ

ಆರಾಧನೆಗೆ ಹಾರೋಬೆಲೆಗೆ ಹೋಗುವುದು ಅಂತ ಮೊದಲೇ ಗೊತ್ತಾಗಿತ್ತು. ನಾವು ಸಿಎಸ್‌ಐ ಅನ್ನುವ ಪ್ರೊಟೆಸ್ಟೆಂಟ್ ಸಭೆಯವರು, ಅದು ಕಥೋಲಿಕರ ಊರು. ಫೋನಿನಲ್ಲಿ ಕೇಳಿದಾಗ ಅಲ್ಲಿನ ಗುರುಗಳು ಪ್ರೀತಿಯಿಂದ ಬನ್ನಿ ಅಂದಿದ್ದರು. ಅರ್ಕಾವತಿಗೆ ಕಟ್ಟಿರುವ ಅಣೆಕಟ್ಟು ಇರುವುದು ಇಲ್ಲೇ. ಬೆಳಗಿನ ಚಳಿಗೆ ನೀರಿನ ಮೇಲೆ ಹಬೆ ಏಳುತ್ತಿತ್ತು.

ಕನ್ನಡ ನಾಡಿನ ಕ್ರೈಸ್ತರು ಅಂದರೆ ಬ್ರಿಟಿಷರ ಕಾಲದವರು ಅಂದುಕೊಂಡವರು ಈ ಊರಿಗೆ ಬರಬೇಕು. 17ನೇ ಶತಮಾನದಲ್ಲಿ ಲಿಯೊನಾರ್ಡೊ ಚಿನ್ನಮಿ ಅನ್ನುವ ಯೇಸುಸಭೆಯ ಗುರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಶುರು ಮಾಡಿದರು. ಕನ್ನಡ ಕಲಿತು, ಕನ್ನಡದಲ್ಲೇ ಬರೆದರು. ಈ ಭಾಗದ ಹಳ್ಳಿಗಳ ಕ್ರೈಸ್ತರು ಆ ಹಳೆಯ ಮಿಷನ್‌ನ ಕಾಲದಿಂದ ಬಂದವರು. ಹಾರೋಬೆಲೆಯಲ್ಲಿ ಬಹುತೇಕ ಮನೆಗಳು ಕ್ರೈಸ್ತರವೇ. ಹೆಚ್ಚಿನವರು ರೈತರು. ಅಂಗಳದಲ್ಲಿ ರಂಗೋಲಿ, ಕೊಟ್ಟಿಗೆಯಲ್ಲಿ ಹಸು, ಬಾಗಿಲ ಮೇಲೆ ಶಿಲುಬೆ. ಮಾತು ಅಪ್ಪಟ ಕನಕಪುರದ ಕನ್ನಡ.

ಬಲಿಪೂಜೆಯ ನಂತರ ಚರ್ಚಿನ ಹತ್ತಿರದ ಒಂದು ಮನೆಯಲ್ಲಿ ತಾತನೊಬ್ಬರು ನಮಗೆ ಹಗ್ಗ ಹೊಸೆಯುವುದನ್ನು ಕಲಿಸಿದರು. ಭಾನುವಾರ ಕೆಲಸ ಮಾಡುವುದು ಬೇಡ ಅಂತ ಅಯ್ಯನವರು ಹಿಂಜರಿದರು. "ಇದು ಕೆಲ್ಸ ಅಲ್ಲ, ಆಟ. ಕೂತ್ಕಳಿ" ಅಂದರು ತಾತ. ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. ಆ ಹಣವನ್ನು ಏನು ಮಾಡಬೇಕು ಅಂತ ಅವರನ್ನೇ ಕೇಳಿದೆವು. ಊರಿನ ಒಂದು ಮನೆಯಲ್ಲಿ ಆಪರೇಷನ್ ಆದ ಹೆಂಗಸಿಗೆ ಕೊಡಿ ಅಂದರು. ಹಾಗೇ ಮಾಡಿದೆವು.

ಕತ್ತಾಳೆ ಎಲೆಯನ್ನು ದಿನಗಟ್ಟಲೆ ನೀರಿನಲ್ಲಿ ಕೊಳೆ ಹಾಕಿ, ಬಡಿದು, ತೊಳೆದು, ಒಣಗಿಸಿ ನಾರು ತೆಗೆಯುತ್ತಾರೆ. ಕೊಳೆ ಹಾಕಿದ ನೀರು ವಿಪರೀತ ನಾರುತ್ತದೆ, ರಸ ಮೈಗೆ ತಾಗಿದರೆ ತುರಿಕೆ. ನಮಗೆ ಸಿಕ್ಕಿದ್ದು ಒಣಗಿ ಬೆಳ್ಳಗಾದ ನಾರು. ಎರಡು ಎಳೆ ತೆಗೆದುಕೊಂಡು, ಬಲಗೈ ಅಂಗೈಯಿಂದ ತೊಡೆಯ ಮೇಲೆ ಮುಂದಕ್ಕೆ ಹೊಸೆದು, ಎರಡನ್ನೂ ಸೇರಿಸಿ ಹಿಂದಕ್ಕೆ ಎಳೆಯಬೇಕು. ಎಳೆಗಳು ಒಂದು ಕಡೆ ತಿರುಚಿಕೊಂಡು, ಹುರಿ ಇನ್ನೊಂದು ಕಡೆ ತಿರುಚಿಕೊಂಡಾಗ ಎರಡೂ ಒಂದನ್ನೊಂದು ಬಿಡದೆ ಹಿಡಿದುಕೊಳ್ಳುತ್ತವೆ. ಕೈ ಬಿಟ್ಟರೂ ಬಿಚ್ಚುವುದಿಲ್ಲ. ನಾರು ಮುಗಿಯುವ ಮುಂಚೆಯೇ ಹೊಸ ನಾರು ಸೇರಿಸಬೇಕು, ಎರಡು ಎಳೆಯೂ ಒಂದೇ ಜಾಗದಲ್ಲಿ ಮುಗಿಯದ ಹಾಗೆ ನೋಡಿಕೊಳ್ಳಬೇಕು. ಇಷ್ಟು ಗೊತ್ತಾದರೆ ಎಷ್ಟು ಉದ್ದ ಬೇಕಾದರೂ ಹೊಸೆಯಬಹುದು.

ತಾತ ಹೊಸೆಯುತ್ತಲೇ ಕಪಾಲ ಬೆಟ್ಟದ ಕತೆ ಹೇಳಿದರು. ಶುಭ ಶುಕ್ರವಾರದ ಹೊತ್ತಿಗೆ ಶಿಲುಬೆ ಹಾದಿ ಮಾಡುತ್ತಾ ಜನ ಬೆಟ್ಟ ಹತ್ತುವುದು, ಬಿಸಿಲು, ನೀರು ಕೊಡುವ ಮನೆಗಳು. ಅವರ ಮಗಳು ನಡುವೆ ನಡುವೆ ಬಂದು ನಮ್ಮ ಹುರಿ ಎಳೆದು ನೋಡಿ, ಸಡಿಲವಾಗಿದ್ದನ್ನು ಬಿಚ್ಚಿಸುತ್ತಿದ್ದರು. ಸಂಡೇ ಸ್ಕೂಲಿಗೆ ಎಲ್ಲಕ್ಕಿಂತ ಸರಿಯಾದ ಕೆಲಸ ಇದೇ ಅನ್ನಿಸಿತು. ಉಳಿ ಬೇಡ, ಕತ್ತಿ ಬೇಡ, ಕರೆಂಟೂ ಬೇಡ. ಹಿಡಿ ನಾರಿದ್ದರೆ ಐದು ವರ್ಷದ ಮಗುವೂ ಹೊಸೆಯಬಲ್ಲದು.

ಕನಕಪುರ ರಸ್ತೆಯಲ್ಲಿ ವಾಪಸ್ ಬಂದೆವು. ತಲಘಟ್ಟಪುರದ ಹತ್ತಿರ ಎಂದಿನ ಟ್ರಾಫಿಕ್, ಅದನ್ನು ಹೇಳುವುದೇ ಬೇಡ. ಗಾಡಿ ನಿಂತಲ್ಲೇ ನಿಂತಿದ್ದಾಗ ಹಿಂದಿನ ಸೀಟಿನವರು ತಾತ ಕೊಟ್ಟ ನಾರು ತೆಗೆದು ಹೊಸೆಯುತ್ತಾ, ಬೇಸಿಗೆಯ ವಿಬಿಎಸ್ (ಮಕ್ಕಳ ರಜಾ ಬೈಬಲ್ ಶಾಲೆ) ಹೇಗೆ ಮಾಡುವುದು ಅಂತ ಮಾತಾಡಿಕೊಂಡರು. ಮಕ್ಕಳನ್ನು ಹಳ್ಳಿಗೆ ಕರೆದುಕೊಂಡು ಹೋಗುವುದಾ, ಕೆಲಸಗಾರರನ್ನೇ ಸಭೆಗೆ ಕರೆಸುವುದಾ? ಕರೆಸಿದರೆ ಬಸ್ ಚಾರ್ಜು, ಊಟ, ಕೂಲಿ ಎಲ್ಲ ನಮ್ಮದು ಅಂತ ಆಯಿತು.

ಆಮೇಲೆ ಚಾಚಾಗೆ ಫೋನ್ ಮಾಡಿದೆ. ಬರುತ್ತೇನೆ ಅಂದಿದ್ದಾರೆ, ಕೈ ಲೇತು ಹೊತ್ತು ತರುತ್ತಾರಂತೆ. ರಂಜಾನ್ ಮುಗಿದಮೇಲೆ, ಶುಕ್ರವಾರ ಬಿಟ್ಟು ಯಾವ ದಿನವಾದರೂ ಸರಿ ಅಂದರು. ಹಾಲೆ ಮರ ಮಾತ್ರ ಈಗಲೇ ಕೊಂಡು ಒಣಗಲು ಇಡಬೇಕು, ಅದಕ್ಕೆ ಮುಂಗಡ ಕಳಿಸಿ ಅಂದರು. ಸ್ತ್ರೀ ಸಂಘದ ಖಜಾಂಚಿ ಅಕ್ಕ ಅದೇ ದಿನ ಕಳಿಸಿದರು.